ಬಂಡೆಯ ಮೇಲೆ ಹೊಣೆ ಹೊರಿಸುವುದು ಬೇಡ

“ಬಂಡೆ ಕುಸಿದು ಮೂವರು ಕೂಲಿಗಾರರ ಸಾವು.” ಇಂಥ ತಲೆಬರಹವನ್ನು ನಾವೆಲ್ಲರೂ ಓದಿದ್ದೇವೆ, ಓದಿ, ಅಯ್ಯೋ ಪಾಪ ಎಂದು ಪುಟ ತಿರುಗಿಸಿದ್ದೇವೆ. ವಾಕ್ಯದಲ್ಲಿ ವ್ಯಾಕರಣದ ದೋಷವೇನೂ ಇಲ್ಲ. ಕುಸಿದದ್ದು ಬಂಡೆ, ಸತ್ತವರು ಕೂಲಿಗಾರರು. ಆದರೆ ಎಂಟು ವರ್ಷ ಹುಡುಗರಿಗೆ ಕರ್ತೃಪದ ಯಾವುದು, ಕ್ರಿಯಾಪದ ಯಾವುದು ಎಂದು ಕೇಳಿದ ಚಾಳಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಆದುದರಿಂದ ಇಲ್ಲಿಯೂ ಕೇಳುತ್ತೇನೆ: ಬಂಡೆ ತಾನಾಗಿ ಎದ್ದುಬಂದು ಮನುಷ್ಯನ ಮೇಲೆ ಕುಳಿತುಕೊಂಡಿತೆ? ಅದರ ಕೆಳಗೆ ನಿಂತು ಕೆಲಸಮಾಡೆಂದು ಹೇಳಿದವರು ಒಬ್ಬರಿರಬೇಕಲ್ಲ? ಅದು ಸಡಿಲವಾಗಿದೆಯೇ ಎಂದು ಆ ದಿನ ಬೆಳಿಗ್ಗೆ ನೋಡಬೇಕಾದವರು ಒಬ್ಬರಿರಬೇಕಲ್ಲ? ಅವರು ಈ ವಾಕ್ಯದೊಳಗೆ ಎಲ್ಲಿಯೂ ಇಲ್ಲ.

ನಮ್ಮ ಜಿಲ್ಲೆಗೆ ಇದು ಬರಿಯ ಪತ್ರಿಕೆಯ ಸುದ್ದಿಯಲ್ಲ. 2022ರ ಮಾರ್ಚ್ 4ರಂದು ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಗುಡ್ಡದ ಕಲ್ಲುಗಣಿ ಕುಸಿದು ಮೂವರು ಸತ್ತರು. ಅದೇ ವರ್ಷ ಡಿಸೆಂಬರ್ 26ರಂದು ಚಾಮರಾಜನಗರ ತಾಲ್ಲೂಕಿನ ಬಿಸಲವಾಡಿಯ ಕ್ವಾರಿಯಲ್ಲಿ ಮತ್ತೆ ಮೂವರು ಸತ್ತರು. ಹತ್ತು ತಿಂಗಳೊಳಗೆ ಎರಡು ನೆರೆಯ ತಾಲ್ಲೂಕುಗಳಲ್ಲಿ ಆರು ಹೆಣ. ಆಗ ನಮ್ಮ ಚಹದಂಗಡಿಗಳಲ್ಲಿ ಕೇಳಿಬಂದ ಮಾತು ಎರಡೇ ಬಗೆಯದು. ಒಂದು, ಅವರ ಹಣೆಬರಹ. ಇನ್ನೊಂದು, ಹೊಟ್ಟೆಪಾಡಿಗೆ ಹೋದವರು ಎಚ್ಚರವಾಗಿರಬೇಕಿತ್ತು. ಮೊದಲನೆಯದು ಹೊಣೆಯನ್ನು ದೇವರ ಮೇಲೆ ಹಾಕುತ್ತದೆ. ಎರಡನೆಯದು ಸತ್ತವನ ಮೇಲೆ. ಇಬ್ಬರೂ ಬಂದು ಸಾಕ್ಷಿ ಹೇಳುವವರಲ್ಲವಾದ್ದರಿಂದ ಎರಡೂ ಬಹಳ ಅನುಕೂಲವಾದ ಮಾತುಗಳು.

ಕಾನೂನು ಏನು ಹೇಳುತ್ತದೆಂದು ನೋಡೋಣ. ಕಲ್ಲುಗಣಿಗೆ ಸಂಬಂಧಪಟ್ಟಂತೆ 1952ರ ಗಣಿ ಕಾಯಿದೆಯ ಕೆಳಗೆ 1961ರಲ್ಲಿಯೇ ಒಂದು ನಿಯಮಾವಳಿ ಬಂದಿತು. ಗಣಿಯ ಗೋಡೆಯನ್ನು ನೆಟ್ಟಗೆ ಕಡಿಯಬಾರದು, ಮೆಟ್ಟಿಲು ಮೆಟ್ಟಿಲಾಗಿಯೋ ಇಳಿಜಾರಾಗಿಯೋ ಕಡಿಯಬೇಕು. ಅಂಚಿನಿಂದ ಮೂರು ಮೀಟರಿನೊಳಗೆ ಸಡಿಲ ಕಲ್ಲನ್ನಾಗಲಿ ಮರವನ್ನಾಗಲಿ ಬಿಡಕೂಡದು. ಮೇಲಿನದು ಚಾಚಿ ನಿಲ್ಲುವಂತೆ ಬುಡವನ್ನು ಕೊರೆಯಕೂಡದು. ಇಷ್ಟು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಈಗ ನೀವು ನಮ್ಮ ಜಿಲ್ಲೆಯ ಯಾವ ರಸ್ತೆಯಲ್ಲಾದರೂ ಹೋಗುವಾಗ ಒಂದು ಹಳೆಯ ಕ್ವಾರಿಯ ಬಳಿ ಬಸ್ಸಿನಿಂದ ತಲೆ ಹೊರಗೆ ಹಾಕಿ ನೋಡಿ. ಮೆಟ್ಟಿಲು ಕಾಣಿಸಿದರೆ ಎಣಿಸಿಕೊಂಡು ಬನ್ನಿ. ದೇವಸ್ಥಾನದ ಗೋಡೆಯಂತೆ ನೆಟ್ಟಗೆ ನಿಂತ ಕಲ್ಲು ಕಾಣಿಸಿದರೆ, ಅದು ಬ್ರಹ್ಮ ಬರೆದ ಬರಹವಲ್ಲ, ಯಾರೋ ಖರ್ಚು ಉಳಿಸಿಕೊಂಡ ಲೆಕ್ಕ ಎಂದು ತಿಳಿಯಬಹುದು.

ಕೆಲಸದ ಸ್ಥಳವನ್ನು ಅಪಾಯವಿಲ್ಲದಂತೆ ಇಡುವುದು ಕೆಲಸ ಕೊಟ್ಟವನ ಕರ್ತವ್ಯ. ನಾನು ಇಲ್ಲಿ ಹೇಳಹೊರಟಿರುವುದು ಈ ಒಂದೇ ಮಾತು. ಇದು ಕರುಣೆಯ ಮಾತಲ್ಲ, ಧಣಿಯ ಒಳ್ಳೆಯತನದ ಮಾತೂ ಅಲ್ಲ. ಕಾಯಿದೆಗಳಲ್ಲಿ ‘ಮಾಡಬಹುದು’ ಎಂದು ಒಂದು ಕ್ರಿಯಾಪದವಿದೆ, ‘ಮಾಡತಕ್ಕದ್ದು’ ಎಂದು ಇನ್ನೊಂದಿದೆ. ಮೊದಲನೆಯದು ಇಷ್ಟಕ್ಕೆ ಬಿಟ್ಟದ್ದು. ಎರಡನೆಯದಕ್ಕೆ ಇಷ್ಟಾನಿಷ್ಟದ ಪ್ರಶ್ನೆಯಿಲ್ಲ. ಕಾರ್ಮಿಕನ ಪ್ರಾಣ, ಕಣ್ಣು, ಬೆರಳು, ಶ್ವಾಸಕೋಶ ಇವುಗಳ ವಿಷಯದಲ್ಲಿ ಕಾನೂನು ಉಪಯೋಗಿಸಿರುವುದು ‘ತಕ್ಕದ್ದು’ ಎಂಬುದನ್ನು.

ಈ ಮಾತಿಗೆ ಬಂದು ಮುಟ್ಟಲು ನಮ್ಮ ದೇಶಕ್ಕೆ ನೂರು ವರ್ಷ ಹಿಡಿಯಿತು. ಮೊದಲ ಕಾರ್ಖಾನೆ ಕಾಯಿದೆ 1881ರದು. 1923ರಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಬಂತು. ಸತ್ತರೆ, ಅಂಗ ಊನವಾದರೆ ಹಣ ಕೊಡಬೇಕೆಂದಾಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ವಿಸ್ತಾರವಾದ ಕಾರ್ಖಾನೆ ಕಾಯಿದೆ ಬಂತು. ಅದು ತಿರುಗುವ ಚಕ್ರಕ್ಕೆ ಬೇಲಿ ಹಾಕು, ಧೂಳನ್ನು ಹುಟ್ಟಿದ ಕಡೆಯಲ್ಲೇ ಹೊರಗೆ ಎಳೆ, ಕುಡಿಯುವ ನೀರು ಇಡು ಎಂದು ಒಂದೊಂದನ್ನೂ ಬಿಡಿಬಿಡಿಯಾಗಿ ಹೇಳಿತು. ಆದರೆ ಒಟ್ಟು ಕರ್ತವ್ಯ ಯಾರದು ಎಂಬುದನ್ನು ಒಂದೇ ಮಾತಿನಲ್ಲಿ ಹೇಳಲು ಭೋಪಾಲವೇ ಆಗಬೇಕಾಯಿತು. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿಯ ಕೀಟನಾಶಕದ ಕಾರ್ಖಾನೆಯಿಂದ ಹೊರಟ ವಿಷಾನಿಲ ಮಲಗಿದ್ದ ಊರನ್ನು ಸಾವಿರಗಟ್ಟಲೆ ಕೊಂದ ಮೇಲೆ, 1987ರಲ್ಲಿ ಕಾಯಿದೆಗೆ 7ಎ ಎಂಬ ಪ್ರಕರಣ ಸೇರಿತು: ಕಾರ್ಖಾನೆಯ ಅಧಿಭೋಗದಾರನು ಕೆಲಸದಲ್ಲಿರುವ ಎಲ್ಲ ಕಾರ್ಮಿಕರ ಆರೋಗ್ಯ, ಸುರಕ್ಷತೆ, ಕ್ಷೇಮವನ್ನು ಖಾತ್ರಿಪಡಿಸತಕ್ಕದ್ದು.

ಈಗ ಆ ಕಾಯಿದೆಯೂ ಹಳೆಯದಾಯಿತು. 2020ರಲ್ಲಿ ಪಾರ್ಲಿಮೆಂಟು ಒಪ್ಪಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾರ್ಖಾನೆ ಕಾಯಿದೆ, ಗಣಿ ಕಾಯಿದೆ ಮೊದಲಾದ ಹದಿಮೂರು ಕಾಯಿದೆಗಳು ಅದರೊಳಗೆ ಕರಗಿದವು. ಈ ಸಂಹಿತೆಯ ಬಗ್ಗೆ ನನಗೆ ತಕರಾರುಗಳಿವೆ, ಮುಂದೆ ಹೇಳುತ್ತೇನೆ. ಆದರೆ ಒಡೆಯನ ಕರ್ತವ್ಯವನ್ನು ಅದರ 6ನೆಯ ಪ್ರಕರಣ ಕೈಬಿಟ್ಟಿಲ್ಲ. ಕೆಲಸದ ಸ್ಥಳ ಗಾಯಕ್ಕೂ ರೋಗಕ್ಕೂ ಎಡೆಗೊಡುವ ಅಪಾಯಗಳಿಂದ ಮುಕ್ತವಾಗಿರಬೇಕು; ಗೊತ್ತುಮಾಡಿದ ವರ್ಗದವರಿಗೆ ವರ್ಷಕ್ಕೊಮ್ಮೆ ಖರ್ಚಿಲ್ಲದೆ ವೈದ್ಯ ತಪಾಸಣೆ ಮಾಡಿಸಬೇಕು; ಪ್ರತಿಯೊಬ್ಬನಿಗೂ ನೇಮಕದ ಕಾಗದ ಕೊಡಬೇಕು; ಸುರಕ್ಷತೆಗಾಗಿ ಮಾಡಿದ ಯಾವ ಖರ್ಚನ್ನೂ ಕಾರ್ಮಿಕನಿಂದ ವಸೂಲು ಮಾಡಕೂಡದು. ಈ ಕೊನೆಯದನ್ನು ಗಟ್ಟಿಯಾಗಿ ಓದಿಕೊಳ್ಳಿ. ಬೂಟಿಗೆ, ಕೈಗವಸಿಗೆ, ತಲೆಯ ಟೊಪ್ಪಿಗೆಗೆ ಕೂಲಿಯಲ್ಲಿ ಹಿಡಿಯುವ ಪದ್ಧತಿ ಅನೇಕ ಕಡೆ ಇದೆ. ಅದು ಕಾನೂನಿಗೆ ವಿರುದ್ಧ.

ಇಲ್ಲಿ ಮಾಲೀಕರ ಪರ ವಾದಿಸುವವರು ಒಂದು ಸಣ್ಣ ಮಾತನ್ನು ಹಿಡಿದುಕೊಳ್ಳುತ್ತಾರೆ. ‘ಯುಕ್ತವಾಗಿ ಸಾಧ್ಯವಾಗುವ ಮಟ್ಟಿಗೆ’ ಎಂದು ಕಾಯಿದೆಯಲ್ಲಿದೆ. ನಮ್ಮಂಥ ಬಡ ಮಿಲ್ಲಿಗೆ ಇಷ್ಟೇ ಸಾಧ್ಯ ಎಂದು ಕೈ ಚೆಲ್ಲುತ್ತಾರೆ. ಆ ಮಾತಿನ ಅರ್ಥವೇನೆಂದು ನ್ಯಾಯಾಲಯಗಳು ಬಹಳ ಹಿಂದೆಯೇ ಹೇಳಿವೆ. ಬ್ರಿಟನ್ನಿನ ಒಂದು ಕಲ್ಲಿದ್ದಲ ಗಣಿಯಲ್ಲಿ ಎಡ್ವರ್ಡ್ಸ್ ಎಂಬ ಕಾರ್ಮಿಕ, ಮರದ ಆಸರೆ ಕೊಡದೆ ಬಿಟ್ಟಿದ್ದ ದಾರಿಯಲ್ಲಿ ಪಕ್ಕದ ಗೋಡೆ ಕುಸಿದು ಸತ್ತ. ಎಲ್ಲ ದಾರಿಗಳಿಗೂ ಆಸರೆ ಕೊಡುವ ಖರ್ಚು ಸಾಧ್ಯವಲ್ಲವೆಂದು ಗಣಿಯ ಆಡಳಿತ ವಾದಿಸಿತು. 1949ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ಹೆಂಡತಿಯ ಕಡೆಗೆ ತೀರ್ಪು ಕೊಟ್ಟಿತು. ತಕ್ಕಡಿಯ ಒಂದು ತಟ್ಟೆಯಲ್ಲಿ ಅಪಾಯವನ್ನಿಡಿ, ಇನ್ನೊಂದರಲ್ಲಿ ಅದನ್ನು ತಪ್ಪಿಸುವ ಖರ್ಚು, ಕಾಲ, ಶ್ರಮವನ್ನಿಡಿ. ಅಪಾಯಕ್ಕಿಂತ ಖರ್ಚು ತೀರ ಮಿತಿಮೀರಿ ಹೆಚ್ಚೆಂದು ಒಡೆಯ ತೋರಿಸಿಕೊಟ್ಟರೆ ಮಾತ್ರ ಅವನಿಗೆ ಬಿಡುಗಡೆ ಎಂಬುದು ಆ ತೀರ್ಪಿನ ಸಾರ. ಅಂಗಡಿಯವರಿಗೆ ತಕ್ಕಡಿಯ ಭಾಷೆ ನಾನು ಹೇಳಿಕೊಡಬೇಕಾದ್ದಿಲ್ಲ. ಒಂದು ಬೆಲ್ಟಿಗೆ ತಂತಿಬಲೆಯ ಮರೆ ಕಟ್ಟಿಸಲು ಬೇಕಾದದ್ದು ಊರಿನ ಬೆಸುಗೆಯವನ ಒಂದು ದಿನದ ಕೆಲಸ. ಅದರ ಎದುರು ತಟ್ಟೆಯಲ್ಲಿರುವುದು ಒಬ್ಬನ ತೋಳು.

ಬಂಡೆ, ಚಕ್ರ, ಬೆಲ್ಟು ಇವು ಕಣ್ಣಿಗೆ ಕಾಣುವ ಶತ್ರುಗಳು. ಕಾಣದ ಶತ್ರುವಿನ ವಿಷಯ ಇನ್ನೂ ಭಯಂಕರ. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜಪೆಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣೆಯ ಕಾರ್ಖಾನೆಯೊಂದರಲ್ಲಿ ಮೀನಿನ ತ್ಯಾಜ್ಯದ ತೊಟ್ಟಿಗೆ ಒಬ್ಬ ಇಳಿದು ಪ್ರಜ್ಞೆ ತಪ್ಪಿ ಬಿದ್ದ. ಅವನನ್ನು ಎತ್ತಲು ಜೊತೆಯವರು ಒಬ್ಬರ ಹಿಂದೆ ಒಬ್ಬರು ಇಳಿದರು. ಐವರು ಸತ್ತರು, ಎಲ್ಲರೂ ಪಶ್ಚಿಮ ಬಂಗಾಳದಿಂದ ಬಂದ ಹುಡುಗರು. ಈ ಬಗೆಯ ಸಾವಿನ ಕ್ರಮ ಎಲ್ಲ ಊರಿನಲ್ಲೂ ಒಂದೇ. ಕೊಳೆತ ಪದಾರ್ಥದಿಂದ ಹುಟ್ಟುವ ಗಂಧಕದ ಅನಿಲ ಗಾಳಿಗಿಂತ ಭಾರ. ತೊಟ್ಟಿಯ ತಳದಲ್ಲಿ ನೀರಿನಂತೆ ನಿಲ್ಲುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಂದುಬಿಡುವುದರಿಂದ ನಾತವೂ ತಿಳಿಯದು. “ವಾಸನೆ ಹೋಯಿತು, ಈಗ ಇಳಿಯಬಹುದು” ಎಂದುಕೊಂಡವನು ಸಾವಿನೊಳಗೇ ಕಾಲಿಟ್ಟಂತೆ. ಅವನು ಬಿದ್ದದ್ದನ್ನು ನೋಡಿ ಮೇಲಿದ್ದವನ ಕರುಳು ಚುರುಕ್ಕೆನ್ನುತ್ತದೆ, ಧುಮುಕುತ್ತಾನೆ. ಮನುಷ್ಯತ್ವವಿದ್ದವನೇ ಎರಡನೆಯ ಹೆಣವಾಗುತ್ತಾನೆ.

ಇದಕ್ಕೂ ಕಾನೂನು ಮೂಕವಾಗಿರಲಿಲ್ಲ. 1948ರ ಕಾಯಿದೆಯ 36ನೆಯ ಪ್ರಕರಣ ಹೇಳಿದ್ದೇನು? ವಿಷಗಾಳಿ ಇರಬಹುದಾದ ತೊಟ್ಟಿ, ಗುಂಡಿ, ಕೊಳವೆ ಯಾವುದರೊಳಗೂ ಒಳಗಿನ ಗಾಳಿಯನ್ನು ಪರೀಕ್ಷಿಸಿ ಬಲ್ಲವನೊಬ್ಬ ಬರವಣಿಗೆಯಲ್ಲಿ ಸರ್ಟಿಫಿಕೇಟು ಕೊಟ್ಟ ಹೊರತು ಮನುಷ್ಯನನ್ನು ಇಳಿಸಕೂಡದು. ಇಲ್ಲವೆ ಅವನಿಗೆ ಉಸಿರಾಟದ ಸಾಧನ ತೊಡಿಸಿ, ಸೊಂಟಕ್ಕೆ ಪಟ್ಟಿ ಕಟ್ಟಿ, ಹಗ್ಗದ ತುದಿಯನ್ನು ಹೊರಗೆ ನಿಂತವನೊಬ್ಬ ಹಿಡಿದಿರತಕ್ಕದ್ದು. ಒಂದು ಹಗ್ಗ, ಒಬ್ಬ ಮನುಷ್ಯ, ಒಂದು ಚೀಟಿ. ಈ ಮೂರರ ಬೆಲೆ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಇದನ್ನು ಇಷ್ಟು ದೀರ್ಘವಾಗಿ ಬರೆಯುವುದಕ್ಕೆ ಕಾರಣವಿದೆ. ಮೀನು ಕಡಲತೀರದ ವಿಷಯ, ನಮಗೇನು ಎನ್ನಬೇಡಿ. ಕುದೇರಿನ ಸುತ್ತಿನ ಹಳ್ಳಿಗಳು ಒಂದು ಕಾಲಕ್ಕೆ ನೇಗಿಲು, ಎತ್ತು, ರೇಷ್ಮೆ ಹುಳುವಿನ ತಟ್ಟೆ ಇಷ್ಟನ್ನೇ ಬಲ್ಲವು. ಈಗ ಜಿಲ್ಲೆಯ ಹಾಲಿನ ಒಕ್ಕೂಟದ ಡೈರಿಯೇ ಕುದೇರಿನಲ್ಲಿದೆ. ಬದನಗುಪ್ಪೆ–ಕೆಲ್ಲಂಬಳ್ಳಿಯಲ್ಲಿ ಕೈಗಾರಿಕಾ ಪ್ರದೇಶವಿದೆ. ಬಾಯ್ಲರು, ಶೈತ್ಯಾಗಾರ, ತ್ಯಾಜ್ಯದ ನೀರಿನ ತೊಟ್ಟಿ ಈ ಶಬ್ದಗಳು ನಮ್ಮ ಹುಡುಗರ ಬಾಯಲ್ಲಿ ಈಗ ಸಲೀಸು. ದೊಡ್ಡ ಡೈರಿಗಳಲ್ಲಿ ಹಾಲನ್ನು ತಣ್ಣಗಿಡುವುದು ಸಾಮಾನ್ಯವಾಗಿ ಅಮೋನಿಯಾದಿಂದ. ಕೊಳವೆ ತೊಳೆಯುವುದು ಕ್ಷಾರದಿಂದ, ಆಮ್ಲದಿಂದ. ಅಮೋನಿಯಾ ಸೋರಿದರೆ ಮೊದಲು ಕಣ್ಣು, ಗಂಟಲು ಉರಿಯುತ್ತದೆ. ಹೆಚ್ಚಾದರೆ ಶ್ವಾಸಕೋಶವೇ ಸುಡುತ್ತದೆ. ಸೋರಿದಾಗ ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ನೋಡಿ, ಅದಕ್ಕೆ ಅಡ್ಡವಾಗಿಯೋ ಎದುರಾಗಿಯೋ ಸೋರಿಕೆಯಿಂದ ದೂರ ಸರಿಯಬೇಕು. ಅದಕ್ಕಾಗಿಯೇ ಇಂಥ ಕಡೆಗಳಲ್ಲಿ ಗಾಳಿಚೀಲವನ್ನು ಎತ್ತರದಲ್ಲಿ ಕಟ್ಟುವುದು. ಅದನ್ನು ಬಾವುಟವೆಂದು ತಿಳಿದಿರುವ ಹೊಸ ಹುಡುಗನಿಗೆ ತಿಳಿಯಹೇಳುವುದು ಯಾರ ಕೆಲಸ? ಕೆಲಸಕ್ಕೆ ತೆಗೆದುಕೊಂಡವರದೇ. ಮಾಹಿತಿ, ತರಬೇತಿ, ಮೇಲ್ವಿಚಾರಣೆ ಇವೂ ಕರ್ತವ್ಯದ ಭಾಗವೆಂದು 1987ರಿಂದಲೂ ಕಾನೂನಿನಲ್ಲಿದೆ. ಕಂಟ್ರಾಕ್ಟರ ಕಡೆಯ ಹುಡುಗ ನಮ್ಮವನಲ್ಲ ಎನ್ನುವಂತಿಲ್ಲ.

ಈ ಕಂಟ್ರಾಕ್ಟಿನ ಮಾತಿಗೆ ಸ್ವಲ್ಪ ನಿಲ್ಲಬೇಕು. ಕೆಲಸ ಮಾಡಿಸಿಕೊಳ್ಳುವವನು ಒಬ್ಬ, ಕೂಲಿ ಹಂಚುವವನು ಇನ್ನೊಬ್ಬ, ಹೆಸರು ಬರೆಯುವ ಪುಸ್ತಕವೇ ಇಲ್ಲದ ಮೇಸ್ತ್ರಿ ಮತ್ತೊಬ್ಬ. ಕ್ವಾರಿಯಿಂದ ಹಿಡಿದು ಗೋದಾಮಿನವರೆಗೆ ಇದೇ ಏರ್ಪಾಟು. ಅಪಘಾತವಾದ ದಿನ ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಆದರೆ ಪರಿಹಾರದ ಕಾನೂನು 1923ರಿಂದಲೇ ಈ ಆಟವನ್ನು ಬಲ್ಲದು. ತನ್ನ ವ್ಯಾಪಾರದ ಕೆಲಸವನ್ನು ಕಂಟ್ರಾಕ್ಟರನಿಂದ ಮಾಡಿಸಿದ ಮೂಲ ಮಾಲೀಕನಿಂದಲೇ ಕಾರ್ಮಿಕ ಪರಿಹಾರ ಕೇಳಬಹುದು. ಅವನು ಕೊಟ್ಟು, ಬೇಕಾದರೆ ಕಂಟ್ರಾಕ್ಟರನಿಂದ ವಸೂಲು ಮಾಡಿಕೊಳ್ಳಲಿ. ಕಂಪನಿಗಳ ವಿಷಯದಲ್ಲಿಯೂ ಹೀಗೆಯೇ. ಮ್ಯಾನೇಜರನನ್ನೋ ಗುಮಾಸ್ತನನ್ನೋ ‘ಅಧಿಭೋಗದಾರ’ ಎಂದು ಕಾಗದದಲ್ಲಿ ಬರೆದು ಡೈರೆಕ್ಟರುಗಳು ಹಿಂದೆ ನಿಲ್ಲುವಂತಿಲ್ಲ, ಕಂಪನಿಗೆ ಡೈರೆಕ್ಟರನೇ ಅಧಿಭೋಗದಾರನಾಗಬೇಕು ಎಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಮಾನಿಸಿತು.

ಇತ್ತೀಚೆಗೆ ಒಬ್ಬ ಹಮಾಲಿ ಒಂದು ಕಾಗದ ತಂದು ತೋರಿಸಿದ. ಗೋದಾಮಿನವರು ಹೆಬ್ಬೆಟ್ಟು ಒತ್ತಿಸಿಕೊಂಡದ್ದರ ನಕಲು. “ಕೆಲಸದಲ್ಲಿ ನನಗೆ ಏನು ಸಂಭವಿಸಿದರೂ ನಾನೇ ಜವಾಬ್ದಾರನಾಗಿದ್ದು ಮಾಲೀಕರಿಂದ ಯಾವ ಪರಿಹಾರವನ್ನೂ ಕೇಳುವುದಿಲ್ಲ” ಎಂದು ಒಳ್ಳೆಯ ಕಾಗುಣಿತದಲ್ಲಿ ಟೈಪು ಮಾಡಿತ್ತು. ಓದಿ ಹೇಳಿದಾಗ ಅವನ ಮುಖ ಬಾಡಿತು. “ಹಾಗಾದರೆ ಹೋಯಿತೆ, ಮೇಷ್ಟ್ರೆ?” ಎಂದ. ಹೋಗಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಥವಾ ಕಡಿಮೆ ಮಾಡುವ ಯಾವ ಕರಾರೂ ಅಷ್ಟರಮಟ್ಟಿಗೆ ಶೂನ್ಯ. ಹಳೆಯ ಕಾಯಿದೆಯಲ್ಲಿಯೂ ಹಾಗೆಯೇ ಇತ್ತು, ಈಗಿನ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಹಾಗೆಯೇ ಇದೆ. ಆ ಕಾಗದಕ್ಕೆ ಬೆಲೆಯಿಲ್ಲ. ಬೆಲೆಯಿರುವುದು ಅದು ಹುಟ್ಟಿಸುವ ಹೆದರಿಕೆಗೆ. ಸತ್ತವನ ಹೆಂಡತಿ ಆ ಹೆಬ್ಬೆಟ್ಟನ್ನು ನೋಡಿ ಕೋರ್ಟಿನ ಮೆಟ್ಟಿಲು ಹತ್ತದೆ ಊರಿಗೆ ಹೋಗಿಬಿಡುತ್ತಾಳಲ್ಲ, ಅದಕ್ಕಾಗಿ ಅದನ್ನು ಬರೆಸಿಕೊಳ್ಳುವುದು.

ಹಮಾಲಿ ಕೆಲಸದಲ್ಲಿ ಏನು ಮಹಾ ಅಪಾಯ ಎನ್ನುವವರಿಗೆ ವಿಜಯಪುರವನ್ನು ನೆನಪು ಮಾಡುತ್ತೇನೆ. 2023ರ ಡಿಸೆಂಬರ್ 4ರ ರಾತ್ರಿ ಅಲ್ಲಿಯ ಒಂದು ಉಗ್ರಾಣದಲ್ಲಿ ಜೋಳದ ರಾಶಿ ಉರುಳಿ, ಬಿಹಾರದಿಂದ ಬಂದಿದ್ದ ಏಳು ಮಂದಿ ಕಾರ್ಮಿಕರು ಮೆಕ್ಕೆಜೋಳದ ಕೆಳಗೆ ಉಸಿರುಕಟ್ಟಿ ಸತ್ತರು. ನಾವು ತಿನ್ನುವ ಧಾನ್ಯವೇ ಸಾಕು ಮನುಷ್ಯನನ್ನು ಹೂಳಲು.

ಪರಿಹಾರದ ಲೆಕ್ಕ ಹೇಗೆಂದು ಅನೇಕರಿಗೆ ತಿಳಿಯದು. ಮೃತನ ತಿಂಗಳ ಕೂಲಿಯ ಅರ್ಧವನ್ನು ಅವನ ವಯಸ್ಸಿಗೆ ತಕ್ಕಂತೆ ಕಾನೂನಿನ ಪಟ್ಟಿಯಲ್ಲಿ ಕೊಟ್ಟಿರುವ ಅಂಕಿಯಿಂದ ಗುಣಿಸಬೇಕು. ಈ ಲೆಕ್ಕಕ್ಕೆ ಹಿಡಿಯಬಹುದಾದ ಗರಿಷ್ಠ ಕೂಲಿಯನ್ನು 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ 15,000 ರೂಪಾಯಿ ಎಂದು ಗೊತ್ತುಮಾಡಿತು. ನಲವತ್ತು ವರ್ಷದವನಿಗೆ ಪಟ್ಟಿಯ ಅಂಕಿ 184.17. ಹದಿನೈದು ಸಾವಿರದ ಅರ್ಧ 7,500; ಗುಣಿಸಿದರೆ 13,81,275 ರೂಪಾಯಿ. “ಮಾನವೀಯತೆಯ ದೃಷ್ಟಿಯಿಂದ” ಐವತ್ತು ಸಾವಿರ ಕೊಟ್ಟು, ಹೂವಿನ ಹಾರ ಹಾಕಿ, ರಾಜಿ ಕಾಗದಕ್ಕೆ ರುಜು ಪಡೆಯುವ ದೊಡ್ಡಮನುಷ್ಯರು ಎಷ್ಟು ಉಳಿಸಿಕೊಂಡರೆಂದು ಇದರಿಂದ ತಿಳಿಯುತ್ತದೆ. ಒಂದು ತಿಂಗಳೊಳಗೆ ಕೊಡದಿದ್ದರೆ ಬಡ್ಡಿಯೂ ಬೀಳುತ್ತದೆ. ಸಕಾರಣವಿಲ್ಲದೆ ತಡಮಾಡಿದರೆ ಅದರ ಮೇಲೆ ಅರ್ಧದಷ್ಟರವರೆಗೆ ದಂಡ. ಇ.ಎಸ್.ಐ. ಇರುವ ಕಡೆ ಹಣ ಕೊಡುವುದು ನಿಗಮ. ಆ ದಾರಿ ಬೇರೆ, ಆದರೆ ಹಕ್ಕು ಒಂದೇ.

“ಅವನದೇ ತಪ್ಪು” ಎಂಬ ವಾದಕ್ಕೂ ಉತ್ತರ ಕಾನೂನಿನಲ್ಲೇ ಇದೆ. ಕುಡಿದಿದ್ದ, ಬೇಕೆಂದೇ ಆಜ್ಞೆ ಮೀರಿದ, ಬೇಕೆಂದೇ ರಕ್ಷಣೆಯ ಸಾಧನ ಕಳಚಿಟ್ಟ ಎಂದು ತೋರಿಸಿ ಮಾಲೀಕ ಪರಿಹಾರ ತಪ್ಪಿಸಿಕೊಳ್ಳಬಹುದು, ನಿಜ. ಆದರೆ ಸಾವಾಗಿದ್ದರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲನಾಗಿದ್ದರೆ ಆ ನೆಪವೂ ನಡೆಯದು. ಸತ್ತವನ ಬಾಯಲ್ಲಿ ಹೆಂಡದ ವಾಸನೆ ಹುಡುಕುವವರು ಇದನ್ನು ತಿಳಿದಿರಲಿ.

ಹೀಗೆಂದ ಮಾತ್ರಕ್ಕೆ ಕಾರ್ಮಿಕನಿಗೆ ಕರ್ತವ್ಯವೇ ಇಲ್ಲವೆಂದಲ್ಲ. ನಮ್ಮವರಲ್ಲೂ ದೋಷವಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಮರೆ ಕಟ್ಟಿದ್ದರೆ ಕೆಲಸ ನಿಧಾನವೆಂದು ಕಿತ್ತಿಡುವವರು, ಟೊಪ್ಪಿಗೆಯನ್ನು ತರಕಾರಿ ತರಲು ಉಪಯೋಗಿಸುವವರು, ತಿರುಗುವ ಯಂತ್ರದ ಮುಂದೆ ಪಂಚೆ ಇಳಿಬಿಟ್ಟು ನಿಲ್ಲುವವರು ಎಲ್ಲ ಗಿರಣಿಯಲ್ಲೂ ಇದ್ದಾರೆ. ತನ್ನ ಮತ್ತು ಜೊತೆಯವರ ಸುರಕ್ಷತೆಗೆ ಗಮನ ಕೊಡಬೇಕು, ಅಪಾಯ ಕಂಡರೆ ತಿಳಿಸಬೇಕು, ರಕ್ಷಣೆಯ ಸಾಧನಕ್ಕೆ ಕೈಹಾಕಿ ಕೆಡಿಸಬಾರದು ಎಂದು ಸಂಹಿತೆಯ 13ನೆಯ ಪ್ರಕರಣ ಹೇಳುತ್ತದೆ. ತಪ್ಪಿದರೆ ಕಾರ್ಮಿಕನಿಗೂ ಹತ್ತು ಸಾವಿರದವರೆಗೆ ಜುಲ್ಮಾನೆಯುಂಟು. ಆದರೆ ಒಂದು ಪ್ರಶ್ನೆ ಕೇಳದೆ ಬಿಡಲಾರೆ. ಮರೆಯನ್ನು ಕಿತ್ತಿಡುವವನು ಕಿತ್ತಿಡುವುದೇಕೆ? ಮೂಟೆಗೆ ಇಷ್ಟೆಂದು ಕೂಲಿ ಗೊತ್ತಾಗಿರುವಾಗ, ನಿಧಾನವೆಂದರೆ ಅವನ ಮಕ್ಕಳ ಅನ್ನ. ಬೇಗ ಮುಗಿಸೆಂದು ಒಂದು ಕಿವಿಯಲ್ಲೂ ಎಚ್ಚರವೆಂದು ಇನ್ನೊಂದು ಕಿವಿಯಲ್ಲೂ ಹೇಳುವವರು ಯಾವುದಕ್ಕೆ ಹಣ ಕೊಡುತ್ತಾರೆ ಎಂಬುದನ್ನು ನೋಡಿದರೆ ಅವರ ಮನಸ್ಸು ತಿಳಿಯುತ್ತದೆ.

ಧೂಳಿನ ವಿಷಯ ಇನ್ನೊಂದಿದೆ. ಇದು ಒಂದೇ ದಿನದಲ್ಲಿ ಕೊಲ್ಲದಿರುವುದರಿಂದ ತಲೆಬರಹಕ್ಕೂ ಬರುವುದಿಲ್ಲ. ಕರಿಕಲ್ಲು ಕೊರೆಯುವವರ, ಜಲ್ಲಿ ಒಡೆಯುವವರ ಎದೆಗೆ ಸೇರುವ ಕಲ್ಲಿನ ಪುಡಿಯಲ್ಲಿ ಕಣ್ಣಿಗೆ ಕಾಣುವ ಭಾಗ ಮೂಗಿನಲ್ಲೇ ನಿಲ್ಲುತ್ತದೆ. ಕಾಣದ ಭಾಗ ಶ್ವಾಸಕೋಶದ ತಳಕ್ಕೆ ಹೋಗಿ ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಎಂದು ಅದರ ಹೆಸರು. ಮದ್ದಿಲ್ಲ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರು ಇದಕ್ಕೆ ತೆತ್ತ ಬೆಲೆಯಿಂದಾಗಿ ಮೈಸೂರು ಸಂಸ್ಥಾನ 1940ರಲ್ಲಿಯೇ ಸಿಲಿಕೋಸಿಸ್ ನಿಯಮಗಳನ್ನು ಮಾಡಿತು. ಅಷ್ಟು ಹಳೆಯ ತಿಳಿವಳಿಕೆ ನಮ್ಮ ನಾಡಿನಲ್ಲಿದ್ದರೂ, ಇಂದೂ ಕಲ್ಲು ಕೆಲಸದವನು ಕೆಮ್ಮುತ್ತ ಆಸ್ಪತ್ರೆಗೆ ಹೋದರೆ ಕ್ಷಯವೆಂದು ಬರೆದುಕೊಂಡು ಮಾತ್ರೆ ಕೊಡುವುದುಂಟು. ಏನು ಕೆಲಸ ಮಾಡುತ್ತೀಯೆ ಎಂದು ಯಾರೂ ಕೇಳುವುದಿಲ್ಲ. ನೀವೇ ಹೇಳಿ: ಕಲ್ಲು ಕೊರೆಯುತ್ತೇನೆ, ಇಷ್ಟು ವರ್ಷದಿಂದ ಎಂದು ಚೀಟಿಯಲ್ಲಿ ಬರೆಸಿ. ಕೆಲಸದಿಂದ ಬಂದ ರೋಗವೂ ಕಾನೂನಿನ ಕಣ್ಣಿನಲ್ಲಿ ಅಪಘಾತವೇ. ನೀರು ಬಿಟ್ಟುಕೊಂಡು ಕೊರೆದರೆ ಧೂಳು ಏಳುವುದೇ ಕಡಿಮೆ. ಬಾಯಿಗೆ ಕಟ್ಟಿದ ಟವಲು ಇದಕ್ಕೆ ಏನೂ ಅಲ್ಲ.

ಈಗ ಹೊಸ ಸಂಹಿತೆಯ ಮೇಲಿನ ತಕರಾರು. ಹಳೆಯ ಕಾಯಿದೆಯಲ್ಲಿ ವಿದ್ಯುತ್ತಿನಿಂದ ನಡೆಯುವ ಕಡೆ ಹತ್ತು ಜನರಿದ್ದರೆ ಕಾರ್ಖಾನೆ. ಈಗ ಇಪ್ಪತ್ತು ಜನರಿರಬೇಕು. ವಿದ್ಯುತ್ತಿಲ್ಲದ ಕಡೆ ಇಪ್ಪತ್ತು ಇದ್ದದ್ದು ನಲವತ್ತಾಯಿತು. ನಮ್ಮ ತಾಲ್ಲೂಕುಗಳ ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಅರಿಶಿನದ ಪಾಲಿಷು ಯಂತ್ರ, ಮರಕೊಯ್ಯುವ ಮಿಲ್ಲು ಇವುಗಳಲ್ಲಿ ಬಹಳಷ್ಟು ಹನ್ನೆರಡು, ಹದಿನೈದು ಜನರವು. ಬೆಲ್ಟು ಅದೇ, ಗರಗಸ ಅದೇ, ಬೆರಳೂ ಅದೇ. ಕಾರ್ಖಾನೆಯೆಂಬ ಹೆಸರು ಮಾತ್ರ ಹೋಯಿತು. ಇನ್ಸ್‌ಪೆಕ್ಟರನಿಗೆ ‘ಇನ್ಸ್‌ಪೆಕ್ಟರ್-ಕಂ-ಫೆಸಿಲಿಟೇಟರ್’ ಎಂದು ಹೊಸ ನಾಮಕರಣವಾಗಿದೆ. ಪರೀಕ್ಷೆ ಮಾಡುವವನೂ ಅವನೇ, ಅನುಕೂಲ ಮಾಡಿಕೊಡುವವನೂ ಅವನೇ. ಮೇಷ್ಟರನ್ನೇ ನಕಲು ಚೀಟಿ ಕೊಡಲೂ ನೇಮಿಸಿದರೆ ಪರೀಕ್ಷೆ ಹೇಗೆ ನಡೆದೀತು ಎಂದು ನನ್ನ ಅನುಮಾನ.

ಆದರೂ ಹದಿನೈದು ಜನರ ಗಿರಣಿಯ ಮಾಲೀಕರು ಇದರಿಂದ ಹಿಗ್ಗಬೇಕಾದ್ದಿಲ್ಲ. ಹತ್ತು ಕಾರ್ಮಿಕರಿರುವ ಎಲ್ಲ ಸಂಸ್ಥೆಗಳಿಗೂ 6ನೆಯ ಪ್ರಕರಣದ ಕರ್ತವ್ಯ ಅನ್ವಯಿಸುತ್ತದೆ; ಗಣಿ, ಕ್ವಾರಿಗಳಿಗೆ ತಲೆ ಎಣಿಸುವ ಲೆಕ್ಕವೇ ಇಲ್ಲ. ವಿದ್ಯುತ್ ಯಂತ್ರವಿಟ್ಟು ನಾಲ್ಕೇ ಜನರಿಂದ ಹಿಟ್ಟು ಬೀಸಿಸುವವನೂ ಪರಿಹಾರದ ಹೊಣೆಯಿಂದ ತಪ್ಪಿಸಿಕೊಳ್ಳಲಾರ. ಕರ್ತವ್ಯ ಮೀರಿದ್ದರಿಂದ ಸಾವಾದರೆ ಎರಡು ವರ್ಷದವರೆಗೆ ಸೆರೆ, ಅಥವಾ ಐದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಉಂಟೆಂದು 103ನೆಯ ಪ್ರಕರಣ ಹೇಳುತ್ತದೆ. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಸತ್ತವನ ಕುಟುಂಬಕ್ಕೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಸಣ್ಣ ವ್ಯಾಪಾರಿಗಳು ನಮ್ಮ ಓದುಗರು, ನಮ್ಮ ಸ್ನೇಹಿತರು; ಆದುದರಿಂದಲೇ ಸ್ಪಷ್ಟವಾಗಿ ಹೇಳುತ್ತೇನೆ. ದೊಡ್ಡ ಕಂಪನಿಗೆ ಹದಿಮೂರು ಲಕ್ಷ ಒಂದು ದಿನದ ಚಹದ ಖರ್ಚು. ಸಾಲ ಮಾಡಿ ಗಿರಣಿ ಹಾಕಿದವನಿಗೆ ಅದು ಗಿರಣಿಯೇ. ಒಂದು ಬೆಲ್ಟಿನ ಮರೆ, ಒಂದು ವಿಮೆ ಪಾಲಿಸಿ, ಸರಿಯಾದ ಅರ್ಥಿಂಗು ಇಷ್ಟಕ್ಕೆ ಜಿಪುಣತನ ಮಾಡಿ ಎರಡು ಸಂಸಾರ ಹಾಳಾಗುವುದನ್ನು ಯಾವ ಜಾಣ ವ್ಯಾಪಾರಿಯೂ ಬಯಸಲಾರ.

ಹೊಸ ಸಂಹಿತೆಯಲ್ಲಿ ನಾವು ಬಳಸಿಕೊಳ್ಳಬೇಕಾದ ಆಯುಧವೂ ಒಂದಿದೆ, 14ನೆಯ ಪ್ರಕರಣ. ಸುರಕ್ಷತೆಗೆ ಸಂಬಂಧಪಟ್ಟ ಮಾಹಿತಿಯನ್ನು ಮಾಲೀಕನಿಂದ ಕೇಳಿ ಪಡೆಯುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಪ್ರಾಣಕ್ಕೋ ದೇಹಕ್ಕೋ ತಕ್ಷಣದ ಗಂಡಾಂತರವಿದೆಯೆಂದು ಕಂಡರೆ ಮಾಲೀಕನಿಗೂ ಇನ್ಸ್‌ಪೆಕ್ಟರನಿಗೂ ಏಕಕಾಲಕ್ಕೆ ತಿಳಿಸಬಹುದು. ಮಾಲೀಕ ಕೂಡಲೇ ಸರಿಪಡಿಸಬೇಕು, ಇಲ್ಲವೆ ಒಪ್ಪದಿದ್ದರೆ ವಿಷಯವನ್ನು ಇನ್ಸ್‌ಪೆಕ್ಟರನ ಮುಂದಿಡಬೇಕು. ಆದರೆ ಬಾಯಿಮಾತಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಬರೆದು ಕೊಡಿ. ಒಬ್ಬನೇ ಬರೆದರೆ ನಾಳೆ ಕೆಲಸವಿಲ್ಲವೆನ್ನುತ್ತಾರೆ. ಹನ್ನೆರಡು ಜನ ರುಜು ಹಾಕಿದರೆ ಹನ್ನೆರಡು ಜನರನ್ನೂ ತೆಗೆಯುವುದು ಸುಲಭವಲ್ಲ. ಕಾಗದ ಉದ್ದವಾಗಿರಬೇಕಿಲ್ಲ. ಇಂಥ ತಾರೀಖು, ಇಂಥ ಯಂತ್ರ, ಇಂಥ ಕಡೆ ಮರೆಯಿಲ್ಲ, ಇಂಥ ದಿನ ಇಂಥವನ ಕೈಗೆ ಪೆಟ್ಟಾಗಿತ್ತು, ಸರಿಪಡಿಸಿ ಎಂದರೆ ಸಾಕು. ಬಯ್ಗುಳ ಬೇಡ, ವಿಶೇಷಣಗಳೂ ಬೇಡ. ಒಂದು ಪ್ರತಿ ಮಾಲೀಕರಿಗೆ, ಒಂದು ಪ್ರತಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ, ಎರಡನ್ನೂ ಅಂಚೆಯಲ್ಲಿ ರಿಜಿಸ್ಟರು ಮಾಡಿಸಿ. ಕ್ವಾರಿಯಾದರೆ ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯಕ್ಕೆ, ಏಕೆಂದರೆ ಗಣಿಯ ಸುರಕ್ಷತೆ ಕೇಂದ್ರ ಸರ್ಕಾರದ ಕೈಯಲ್ಲಿದೆ. ರಸೀತಿಯನ್ನು ಪಡಿತರ ಚೀಟಿಯ ಜೊತೆಯಲ್ಲಿಡಿ.

ನೇಮಕದ ಕಾಗದ ಇನ್ನೂ ಸಿಗದವರು ಮೊದಲು ಅದನ್ನು ಕೇಳಿ. ಕೆಲಸಕ್ಕಿದ್ದೆ ಎಂಬುದಕ್ಕೇ ಸಾಕ್ಷಿಯಿಲ್ಲದವನ ಉಳಿದ ಹಕ್ಕುಗಳೆಲ್ಲ ನೀರಿನ ಮೇಲಿನ ಬರಹ. ಹೆಬ್ಬೆಟ್ಟಿನ ಕಾಗದಗಳನ್ನು ಯಾರಾದರೂ ಬರೆಸಿಕೊಂಡಿದ್ದರೆ ನಕಲು ತಂದು ನಮ್ಮ ಕಛೇರಿಯಲ್ಲಿ ತೋರಿಸಿ. ಮೇಲೆ ಹೇಳಿದಂಥ ಅರ್ಜಿ ಬರೆಯಲು ಬಾರದವರು ಭಾನುವಾರ ಬೆಳಿಗ್ಗೆ ಬಂದರೆ ಕುಳಿತು ಬರೆದುಕೊಡುತ್ತೇನೆ. ಬರುವಾಗ ಯಂತ್ರದ ಯಾವ ಭಾಗದಲ್ಲಿ ಮರೆಯಿಲ್ಲವೆಂಬುದನ್ನು ಸರಿಯಾಗಿ ನೋಡಿಕೊಂಡು ಬನ್ನಿ. ಆಗದೆಂದರೆ ಫೋನಿನಲ್ಲಿ ಒಂದು ಫೋಟೋ ತೆಗೆದು ತನ್ನಿ, ಚಕ್ರ ನಿಂತಿರುವಾಗ.